ಬಾಡಿಗೆ ಮನೆಯ ಜಾಲತಾಣದಲ್ಲಿ ಜಾಹೀರಾತು ಬೇಕೆ?

ಜಾಹೀರಾತು ಎಂಬುದು ಮೂಲತಃ ಕನ್ನಡದ ಶಬ್ದವಲ್ಲ. ಅರಬ್ಬಿಯಲ್ಲಿ 'ಜಾಹಿರ್' ಎಂದರೆ ಕಣ್ಣಿಗೆ ಕಾಣುವಂಥದು, ಪ್ರಕಟವಾದದ್ದು. ಅದು ಪಾರಸಿಯ ಮೂಲಕ ಮರಾಠಿಗೆ ಬಂದು, ಅಲ್ಲಿ 'ಜಾಹಿರಾತ' ಎಂಬ ರೂಪ ತಾಳಿ, ಆ ಬಳಿಕ ನಮ್ಮಲ್ಲಿ ನೆಲೆಸಿತು. ಅದೇ ಅರ್ಥಕ್ಕೆ ಮಲೆಯಾಳದವರು 'ಪರಸ್ಯ' ಎನ್ನುತ್ತಾರೆ. ರಹಸ್ಯಕ್ಕೆ ಎದುರು ಪರಸ್ಯ. ಎರಡೂ ಭಾಷೆಗಳನ್ನು ಕೇಳುತ್ತ ಬೆಳೆದ ಕಾಸರಗೋಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಹತ್ತು ಜನಕ್ಕೆ ತಿಳಿಯಲಿ ಎಂದು ಬಹಿರಂಗವಾಗಿ ಸಾರುವುದು ಎಂಬುದೇ ಎರಡು ಶಬ್ದಗಳ ಒಡಲಲ್ಲೂ ಇರುವ ಅರ್ಥ. ಆದರೆ ಸಾರುವವನು ಒಬ್ಬ, ಸಾರಲು ತನ್ನ ಗೋಡೆಯನ್ನು ಕೊಡುವವನು ಇನ್ನೊಬ್ಬ. ಇಲ್ಲಿ ನಾವು ವಿಚಾರ ಮಾಡಹೊರಟಿರುವುದು ಮುಖ್ಯವಾಗಿ ಈ ಎರಡನೆಯವನ ಲಾಭನಷ್ಟವನ್ನು.

ಈ ವಿಚಾರ ಶಾಲೆಯ ವಾರ್ಷಿಕ ಸಂಚಿಕೆಗೆ ಏಕೆ ಬಂತೆಂದು ಕೆಲವರು ಕೇಳಬಹುದು. 1992ರಲ್ಲಿ ಕೇಂದ್ರ ಸರಕಾರವು ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ಅದಕ್ಕಾಗಿಯೇ ಕೇರಳ ಸರಕಾರವು ಒಂದು ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಅಂದಿನಿಂದ ಕೋಟೆ ನೋಡಲು, ಅನಂತಪುರದ ಸರೋವರ ಕ್ಷೇತ್ರಕ್ಕೆ, ಪೊಸಡಿಗುಂಪೆ, ರಾಣಿಪುರಂ ಗುಡ್ಡಗಳಿಗೆ ಹೊರಗಿನವರು ಬರುತ್ತಿದ್ದಾರೆ. ಅಡಕೆಯ ಧಾರಣೆಯನ್ನೊಂದೇ ನಂಬಿ ಕುಳಿತುಕೊಳ್ಳಲಾಗದ ಮನೆಗಳಲ್ಲಿ ಕೆಲವು, ಮೇಲಂತಸ್ತಿನ ಎರಡು ಕೋಣೆಗಳಿಗೆ ಸುಣ್ಣ ಹೊಡೆಸಿ, ಬಚ್ಚಲು ಸರಿಮಾಡಿಸಿ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡತೊಡಗಿವೆ. ಅಂಥ ಮನೆಗೆ ಒಂದು ಜಾಲತಾಣ ಬೇಕಾಗುತ್ತದೆ. ಅದನ್ನು ಮಾಡಿಕೊಡುವವರು ಬಹುಪಾಲು ಮನೆಯ ಮಕ್ಕಳೇ.

ಹಾಗೆ ಒಂದು ಮನೆಯಲ್ಲಿ ತಂದೆಗೂ ಮಗನಿಗೂ ವಾದವಾಯಿತು. ಮಂಗಳೂರಿನಲ್ಲಿ ಕಾಲೇಜು ಓದುತ್ತಿರುವ ಮಗನ ಮಾತು ಹೀಗೆ: "ಜಾಲತಾಣಕ್ಕೆ ವರ್ಷವರ್ಷ ಹಣ ಕಟ್ಟುತ್ತೇವೆ. ಪುಟದ ಬದಿಯಲ್ಲಿ ಜಾಹೀರಾತು ಹಾಕಿದರೆ ಆ ಖರ್ಚು ಅದರಲ್ಲೇ ಹುಟ್ಟುತ್ತದೆ." ತಂದೆಯವರಿಗೆ ಅದು ಸರಿಬರಲಿಲ್ಲ. ಯಾಕೆಂದು ಹೇಳಲು ಬಾಯಿಗೆ ಮಾತೂ ಬರಲಿಲ್ಲ. "ಮಾಸ್ಟ್ರೇ, ನೀವಾದರೂ ಹೇಳಿ" ಎಂದು ನಮ್ಮನ್ನು ಕೇಳಿದರು. ವರ್ಷಕ್ಕೆ ಇಷ್ಟು ಸಾವಿರವೆಂದು ಲೆಕ್ಕ ಹಾಕಿ ಫೀಸು ಕಟ್ಟುವ ಸಂಸಾರಕ್ಕೆ ಇದು ಕಾಲಹರಣದ ಪ್ರಶ್ನೆಯಲ್ಲ.

ಮೊದಲಿಗೆ ಮಗನ ಪಕ್ಷವನ್ನು ನ್ಯಾಯವಾಗಿ ನೋಡೋಣ. ಜಾಹೀರಾತಿಗೆ ಜಾಗ ಕೊಟ್ಟು ಹಣ ಪಡೆಯುವುದು ಅವಮಾನದ ಸಂಗತಿಯೇನೂ ಅಲ್ಲ. ವೃತ್ತಪತ್ರಿಕೆ ನಮಗೆ ಅಷ್ಟು ಅಗ್ಗವಾಗಿ ಸಿಗುವುದು ಜಾಹೀರಾತಿನ ಹಣದಿಂದ. ನಮ್ಮ ಊರಿನ ಬಯಲಾಟದ ಕರಪತ್ರದ ಕೆಳಗೆ ಬಟ್ಟೆ ಅಂಗಡಿಯ ಹೆಸರು ಇರುತ್ತದೆ. ಈ ಸಂಚಿಕೆಯ ಕೊನೆಯ ಪುಟಗಳನ್ನು ತಿರುವಿದರೆ ಅಲ್ಲಿಯೂ ಜಾಹೀರಾತುಗಳುಂಟು, ಮುದ್ರಣದ ವೆಚ್ಚದಲ್ಲಿ ಒಂದು ಪಾಲು ಅದರಿಂದಲೇ ಹೊರಟಿದೆ. ಜಾಲತಾಣಗಳಲ್ಲಿ ಈ ಪದ್ಧತಿ ಶುರುವಾದದ್ದು 1994ರ ಅಕ್ಟೋಬರಿನಲ್ಲಿ, ಅಮೆರಿಕದ 'ಹಾಟ್‌ವೈರ್ಡ್' ಎಂಬ ಪತ್ರಿಕಾ ತಾಣದಲ್ಲಿ. ಗೂಗಲ್ ಸಂಸ್ಥೆ 2000ದಲ್ಲಿ ಜಾಹೀರಾತುದಾರರಿಗಾಗಿ 'ಆಡ್‌ವರ್ಡ್ಸ್' ತೆರೆಯಿತು. 2003ರಲ್ಲಿ 'ಆಡ್‌ಸೆನ್ಸ್' ಬಂತು. ಇದರಿಂದ ಸಾಮಾನ್ಯ ಮನುಷ್ಯನೂ ತನ್ನ ಪುಟದ ಒಂದು ಮೂಲೆಯನ್ನು ಗೇಣಿಗೆ ಕೊಟ್ಟಂತೆ ಜಾಹೀರಾತಿಗೆ ಕೊಡುವುದು ಸಾಧ್ಯವಾಯಿತು. ಗೂಗಲ್ ಜಾಹೀರಾತುದಾರನಿಂದ ವಸೂಲು ಮಾಡಿದ ಹಣದಲ್ಲಿ ನೂರಕ್ಕೆ ಸುಮಾರು 68 ಪಾಲು ಪುಟದ ಒಡೆಯನಿಗೆ ಬರುತ್ತದೆ. ಕೇಳಲು ಒಳ್ಳೆಯ ಕರಾರೇ.

ಆದರೆ ವೃತ್ತಪತ್ರಿಕೆಗೂ ಬಾಡಿಗೆ ಮನೆಗೂ ಒಂದು ವ್ಯತ್ಯಾಸವುಂಟು. ಪತ್ರಿಕೆಯನ್ನು ಓದುವವನು ಓದಿ ಮಡಚಿ ಇಟ್ಟರೆ ಪತ್ರಿಕೆಯ ಕೆಲಸ ಮುಗಿಯಿತು. ಅವನ ಕಣ್ಣು ಜಾಹೀರಾತಿನ ಮೇಲೆ ಹರಿದರೆ ಪತ್ರಿಕೆಗೆ ನಷ್ಟವೇನೂ ಇಲ್ಲ. ಬಾಡಿಗೆ ಮನೆಯ ಪುಟವನ್ನು ತೆರೆದವನಿಂದ ನಮಗೆ ಆಗಬೇಕಾದ ಕೆಲಸ ಇನ್ನೂ ಬಾಕಿ ಇದೆ. ಅವನು ಕೋಣೆಯ ಚಿತ್ರ ನೋಡಬೇಕು, ದರ ಓದಬೇಕು, ಮನಸ್ಸು ಮಾಡಬೇಕು, ದೂರವಾಣಿಯಲ್ಲಿ ಕರೆಯಬೇಕು. ಅಷ್ಟರೊಳಗೆ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆದಿಟ್ಟರೆ ಏನಾಗುತ್ತದೆ? ಊರಿನ ಬಸ್‌ ಸ್ಟ್ಯಾಂಡಿನಲ್ಲಿ ಏಜೆಂಟರು ಕೂಗಿ ಜನ ಹತ್ತಿಸುವುದನ್ನು ನೀವೆಲ್ಲ ನೋಡಿದ್ದೀರಿ. ತನ್ನ ಬಸ್ಸಿನ ಮೆಟ್ಟಿಲ ಮೇಲೆಯೇ ಬೇರೆ ಬಸ್ಸಿನ ಏಜೆಂಟನನ್ನು ನಿಲ್ಲಿಸಿಕೊಂಡು, ಅವನು ಕೂಗಿದ ಒಂದೊಂದು ಕೂಗಿಗೆ ಹತ್ತು ಪೈಸೆ ಪಡೆಯುವ ಕಂಡಕ್ಟರನನ್ನು ನಾವಂತೂ ಕಂಡಿಲ್ಲ.

ಬೇರೆ ಬಸ್ಸಿನ ಏಜೆಂಟನೇ ಯಾಕೆ ಬರುತ್ತಾನೆ, ಸೋಪಿನದೋ ಛತ್ರಿಯದೋ ಜಾಹೀರಾತು ಬರಬಾರದೆ ಎಂದು ಕೇಳಬಹುದು. ಇಲ್ಲಿಯೇ ಈ ಯಂತ್ರದ ಒಳಗುಟ್ಟು ಇರುವುದು. ಯಾವ ಜಾಹೀರಾತು ಬರಬೇಕೆಂದು ನಾವು ಆರಿಸುವುದಿಲ್ಲ. ಪುಟ ತೆರೆಯುವ ಆ ಕ್ಷಣಮಾತ್ರದಲ್ಲಿ ಹರಾಜು ನಡೆಯುತ್ತದೆ. ಪುಟದಲ್ಲಿ ಏನು ಬರೆದಿದೆ, ನೋಡುವವನು ಈಚೆಗೆ ಏನೇನು ಹುಡುಕಿದ್ದಾನೆ ಎಂಬುದನ್ನು ಗಮನಿಸಿ ಯಂತ್ರವು ಜಾಹೀರಾತನ್ನು ನಿಶ್ಚಯಿಸುತ್ತದೆ. 'ಬೇಕಲ', 'ಕೋಣೆ', 'ರಜೆ' ಎಂದು ಬರೆದಿರುವ ಪುಟಕ್ಕೆ ಹೆಚ್ಚಿನ ಬೆಲೆ ಕೂಗಲು ಕಾರಣವಿರುವವರು ಯಾರು? ಅದೇ ಬೇಕಲದಲ್ಲಿ ಕೋಣೆ ಕೊಡುವ ಇತರರು, ದೊಡ್ಡ ರಿಸಾರ್ಟಿನವರು, ಕೊಠಡಿ ಕಾದಿರಿಸುವ ದೊಡ್ಡ ಕಂಪೆನಿಗಳು. ಬೇಡವಾದ ಜಾಹೀರಾತುದಾರರ ವಿಳಾಸವನ್ನು ತಡೆಯುವ ಸೌಕರ್ಯ ಆಡ್‌ಸೆನ್ಸಿನಲ್ಲಿ ಇದೆ, ನಿಜ. ಆದರೆ ಒಬ್ಬನನ್ನು ತಡೆದರೆ ಇನ್ನೊಬ್ಬ ಬರುತ್ತಾನೆ. ಗದ್ದೆಗೆ ಬರುವ ಹಂದಿಯನ್ನು ಕಾದಂತೆ ದಿನವೂ ಕಾಯುತ್ತ ಕೂರಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಹತ್ತನೆಯ ತರಗತಿಯವರು ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. ಇಲ್ಲಿನ ಬಾಡಿಗೆ, ದರ, ಸಂಖ್ಯೆಗಳು ನಾವು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮ ಮನೆಯ ಅಂಕಿಗಳನ್ನು ಹಾಕಿ ನೀವೇ ತಿದ್ದಿಕೊಳ್ಳಬಹುದು. ತಿಂಗಳಿಗೆ 600 ಜನ ಜಾಲತಾಣವನ್ನು ತೆರೆದರು, ಎಲ್ಲರೂ ಸೇರಿ 1500 ಪುಟ ನೋಡಿದರು ಎನ್ನೋಣ. ಸಾವಿರ ಪುಟಕ್ಕೆ 50 ರೂಪಾಯಿಯಂತೆ ಜಾಹೀರಾತಿನ ಉತ್ಪತ್ತಿ ತಿಂಗಳಿಗೆ 75 ರೂಪಾಯಿ. ಆಡ್‌ಸೆನ್ಸ್ ನಿಯಮದಂತೆ ಖಾತೆಯಲ್ಲಿ 100 ಡಾಲರು ತುಂಬದೆ ಹಣ ಕೈಗೆ ಬರುವುದಿಲ್ಲ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 8500 ರೂಪಾಯಿ. 8500ನ್ನು 75ರಿಂದ ಭಾಗಿಸಿ. 113 ತಿಂಗಳು ದಾಟುತ್ತದೆ, ಅಂದರೆ ಒಂಬತ್ತು ವರ್ಷ ಐದು ತಿಂಗಳು! ಈ ವರ್ಷ ಒಂದನೆಯ ತರಗತಿಗೆ ಸೇರಿದ ಮಗು ಹತ್ತನೆಯ ತರಗತಿಯಲ್ಲಿ ಕುಳಿತಿರುವಾಗ ಮೊದಲ ಹಣ ಬರುತ್ತದೆ. ದರ ನಾಲ್ಕು ಪಟ್ಟಾಯಿತು ಎಂದು ಉದಾರವಾಗಿ ಹಿಡಿದರೂ ಎರಡು ವರ್ಷ ನಾಲ್ಕು ತಿಂಗಳು ಕಾಯಬೇಕು.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ರಾತ್ರಿಗೆ 2500ರಂತೆ ಒಂದು ಸಂಸಾರ ಎರಡು ರಾತ್ರಿ ತಂಗಿದರೆ 5000. ಊಟ, ಒಗೆತ, ವಿದ್ಯುತ್ತು ಎಂದು 2000 ಕಳೆದರೆ ಮನೆಗೆ ಉಳಿಯುವುದು 3000. ಆ ಒಂಬತ್ತು ವರ್ಷಗಳಲ್ಲಿ ಕೇವಲ ಮೂರು ಸಂಸಾರಗಳು ಬದಿಯ ಜಾಹೀರಾತನ್ನು ಒತ್ತಿ ಬೇರೆ ಕಡೆಗೆ ಹೋದರೂ 9000 ರೂಪಾಯಿ ಹೋಯಿತು. ಬಂದದ್ದು 8500. ಅರವತ್ತೇಳು ಸಾವಿರಕ್ಕೂ ಮಿಕ್ಕಿ ಜನ ಬಂದುಹೋಗುವಲ್ಲಿ ಮೂರು ಸಂಸಾರ ದಾರಿ ತಪ್ಪುವುದಿಲ್ಲವೆಂದು ಯಾರು ಪ್ರಮಾಣ ಮಾಡಿಯಾರು?

ಹಾಗಾದರೆ ದೊಡ್ಡ ಪ್ರವಾಸಿ ತಾಣಗಳಲ್ಲಿ ಜಾಹೀರಾತು ಏಕೆ ಇದೆ ಎಂದು ಮಗನು ಕೇಳಿದ್ದನಂತೆ. ಒಳ್ಳೆಯ ಪ್ರಶ್ನೆ. ಎಕ್ಸ್‌ಪೀಡಿಯಾ ಎಂಬ ಕಂಪೆನಿ ತನ್ನ ಪುಟಗಳಲ್ಲಿ ಜಾಹೀರಾತಿನ ಜಾಗವನ್ನು ಮಾರಲೆಂದೇ ಪ್ರತ್ಯೇಕ ವಿಭಾಗವನ್ನು ಇಟ್ಟುಕೊಂಡಿದೆ. ಅಂಥವರ ಬಳಿ ಲಕ್ಷಗಟ್ಟಲೆ ಮನೆಗಳು, ಹೋಟೆಲುಗಳು. ಬಂದವರಲ್ಲಿ ಹೆಚ್ಚಿನವರು ಏನನ್ನೂ ಕಾದಿರಿಸದೆ ಹೋಗುವವರೇ. ಹೋಗುವವರಿಂದಲೂ ಒಂದಿಷ್ಟು ಹುಟ್ಟಿಸುವುದು ಅವರ ಉಪಾಯ. ಮೇಲಾಗಿ ಅಲ್ಲಿ ಹಣಕೊಟ್ಟು ಮುಂದೆ ನಿಲ್ಲುವ ಹೋಟೆಲು ಅವರದೇ ಪಟ್ಟಿಯೊಳಗಿನದು. ಅತಿಥಿ ಅತ್ತ ಹೋದರೂ ಇತ್ತ ಹೋದರೂ ಗಲ್ಲಾಪೆಟ್ಟಿಗೆ ಒಂದೇ. ಸಂತೆಯ ಗುತ್ತಿಗೆದಾರನಿಗೆ ಯಾವ ಅಂಗಡಿಯಲ್ಲಿ ವ್ಯಾಪಾರವಾದರೂ ಸುಂಕ ಬರುತ್ತದೆ. ಸಂತೆಯಲ್ಲಿ ಒಂದೇ ಬುಟ್ಟಿ ಬಸಳೆ ಇಟ್ಟುಕೊಂಡು ಕುಳಿತವಳು ಅವನನ್ನು ನೋಡಿ ಕಲಿಯಹೊರಟರೆ ಬಸಳೆ ಬಾಡುತ್ತದೆ.

ಜಾಗ ಕೊಡುವ ಮಾತು ಇಲ್ಲಿಗೆ ಸಾಕು. ಇನ್ನು ನಾವೇ ಹಣ ತೆತ್ತು ಬೇರೆ ಕಡೆ ನಮ್ಮ ಮನೆಯನ್ನು ಸಾರಿಸಬೇಕೆ? ಇದು ಬೇರೆ ಪ್ರಶ್ನೆ, ಮತ್ತು ಇದಕ್ಕೆ ಉತ್ತರ ಅಷ್ಟು ಕಟುವಾಗಿಲ್ಲ. ಮನೆ ಹೊಸದು, ಹೆಸರು ಯಾರಿಗೂ ತಿಳಿಯದು ಎಂದಿದ್ದರೆ, ಓಣಂ, ದಸರಾ, ಕ್ರಿಸ್ಮಸ್ ರಜೆಗಳಿಗೆ ಮುಂಚೆ ಒಂದು ಮಿತಿ ಹಾಕಿಕೊಂಡು ಸ್ವಲ್ಪ ಖರ್ಚು ಮಾಡಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಗೂಗಲಿನಲ್ಲಿ ಒತ್ತಿದ್ದಕ್ಕೆಲ್ಲ ಹಣ ಕೊಡಬೇಕು, ಒತ್ತಿದವನು ಬಂದು ತಂಗಲಿ ಬಿಡಲಿ. ಎದುರಿಗೆ ಹರಾಜು ಕೂಗುವವರೋ ವರ್ಷಕ್ಕೆ ನೂರಾರು ಕೋಟಿ ಡಾಲರನ್ನು ಜಾಹೀರಾತಿಗೆ ಸುರಿಯುವ ಬುಕಿಂಗ್‌ನಂಥವರು. ಕೆಲವೊಮ್ಮೆ ನಮ್ಮ ಮನೆಯ ಹೆಸರನ್ನೇ ಹುಡುಕಿದವನಿಗೂ ಮೊದಲು ಕಾಣುವುದು ಕಂಪೆನಿಯವರು ಹಣಕೊಟ್ಟು ಹಾಕಿಸಿದ ಸಾಲು. ಅದನ್ನು ಒತ್ತಿ ಕಾದಿರಿಸಿದರೆ, ನೂರಕ್ಕೆ ಹದಿನೈದು ಕಮಿಷನ್ನಿನ ಲೆಕ್ಕದಲ್ಲಿ ಆ 5000ದಲ್ಲಿ 750 ಅವರ ಪಾಲು. ಇಷ್ಟಾಗಿಯೂ ಹೆಸರಿನ ಬಲ ದೊಡ್ಡದು. 2007ರಲ್ಲಿ ಸಾನ್‌ಫ್ರಾನ್ಸಿಸ್ಕೋದ ಒಂದು ಮನೆಯಲ್ಲಿ ಗಾಳಿ ತುಂಬಿದ ಹಾಸಿಗೆಗಳನ್ನು ಬಾಡಿಗೆಗೆ ಕೊಟ್ಟು ಆರಂಭವಾದ ಏರ್‌ಬಿಎನ್‌ಬಿ ಕಂಪೆನಿ, 2020ರಲ್ಲಿ ಷೇರು ಮಾರುವಾಗ ಪ್ರಕಟಿಸಿದ ವಿವರಣೆಯಲ್ಲಿ, ಆ ವರ್ಷದ ಮೊದಲ ಒಂಬತ್ತು ತಿಂಗಳಲ್ಲಿ ತನ್ನ ತಾಣಕ್ಕೆ ಬಂದವರಲ್ಲಿ ನೂರಕ್ಕೆ ಸುಮಾರು 91 ಮಂದಿ ಹಣಕೊಟ್ಟ ಜಾಹೀರಾತಿನ ಮೂಲಕವಲ್ಲದೆ ತಾವಾಗಿಯೇ ಬಂದವರೆಂದು ತಿಳಿಸಿತ್ತು. ಗೂಗಲಿನ ನಕಾಶೆಯಲ್ಲಿ ನಮ್ಮ ಮನೆಯ ಹೆಸರು, ದಾರಿ, ಚಿತ್ರಗಳನ್ನು ಸೇರಿಸಲು ಒಂದು ಕಾಸೂ ಬೇಡ. ಇದನ್ನು ಮಾಡದೆ ಜಾಹೀರಾತಿಗೆ ಓಡುವವರನ್ನು ಕಂಡರೆ ನಮಗೆ ಆಶ್ಚರ್ಯವಾಗುತ್ತದೆ.

ಬದಿಯ ಜಾಹೀರಾತಿಗೆ ಮೀಸಲಿಡಬೇಕೆಂದಿದ್ದ ಜಾಗದಲ್ಲಿ ಬರೆಯಬೇಕಾದದ್ದು ಎಷ್ಟೋ ಇದೆ. ಕುಂಬಳೆ ನಿಲ್ದಾಣದಲ್ಲಿ ಇಳಿದವರು ಹೇಗೆ ಬರಬೇಕು, ಮಳೆಗಾಲದಲ್ಲಿ ಅಂಗಳದವರೆಗೆ ಕಾರು ಬರುತ್ತದೋ ಇಲ್ಲವೋ, ಮಂಜೇಶ್ವರದಲ್ಲಿ ಗೋವಿಂದ ಪೈಯವರ ಮನೆ ಎಲ್ಲಿದೆ, ಪಾರ್ತಿಸುಬ್ಬನ ಊರು ಯಾವುದು, ಇವನ್ನು ಮನೆಯ ಮಗಳು ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರರಲ್ಲಿಯೂ ಬರೆಯಬಲ್ಲಳು. ಮೂರು ಭಾಷೆ ಬಲ್ಲ ಮಕ್ಕಳು ಎಲ್ಲ ಕಡೆ ಸಿಕ್ಕುವುದಿಲ್ಲ!

ವಿದ್ಯಾರ್ಥಿಗಳಿಗೆ ಎರಡು ಮಾತನ್ನು ಇಲ್ಲಿಯೇ ಹೇಳಬೇಕು. ತನ್ನ ಪುಟದ ಜಾಹೀರಾತನ್ನು ತಾನೇ ಒತ್ತುವುದಾಗಲಿ, "ನಮ್ಮದನ್ನು ಒಮ್ಮೆ ಒತ್ತಿಬಿಡೋ" ಎಂದು ಗೆಳೆಯರಿಗೆ ಹೇಳುವುದಾಗಲಿ ಆಡ್‌ಸೆನ್ಸ್ ನಿಯಮಕ್ಕೆ ವಿರುದ್ಧ. ಯಂತ್ರ ಅದನ್ನು ಪತ್ತೆಮಾಡಿ ಖಾತೆಯನ್ನು ಮುಚ್ಚುತ್ತದೆ. ತಮಾಷೆಯೆಂದು ಮಾಡಿದರೂ ಅದು ಜಾಹೀರಾತುದಾರನ ಜೇಬಿನಿಂದ ತೆಗೆದ ಹಣ. ಇನ್ನೊಂದು, "ಎರಡೇ ಕೋಣೆ ಉಳಿದಿವೆ, ಬೇಗ ಮಾಡಿ" ಎಂದು ಕೋಣೆಗಳೆಲ್ಲ ಖಾಲಿ ಇರುವಾಗಲೂ ಬರೆಯುವುದು. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರಡಿಯಲ್ಲಿ ಕೇಂದ್ರ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ, ಕಣ್ಣಿಗೆ ಮಣ್ಣೆರಚುವ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದು ಅವುಗಳಲ್ಲಿ ಒಂದು. ಜಾಹೀರಾತನ್ನು ಜಾಹೀರಾತಲ್ಲವೆಂಬಂತೆ ವೇಷ ಹಾಕಿ ತೋರಿಸುವುದು ಇನ್ನೊಂದು.

ಈ ಎರಡನೆಯದು ನಮ್ಮ ಕಡೆಯ ಮನೆಗಳಿಗೆ ಹತ್ತಿರದ ಸಂಗತಿ. ದೋಣಿಯವನು, ಜೀಪಿನವನು, ಹತ್ತಿರದ ಖಾನಾವಳಿಯವರು "ನಿಮ್ಮ ಪುಟದಲ್ಲಿ ನಮ್ಮ ಹೆಸರು ಹಾಕಿ, ವರ್ಷಕ್ಕೆ ಇಷ್ಟು ಕೊಡುತ್ತೇವೆ" ಎಂದು ಬರುತ್ತಾರೆ. ಅವರಾರೂ ಎದುರಾಳಿಗಳಲ್ಲ, ಅತಿಥಿಗೂ ಅವರು ಬೇಕು. ಆದುದರಿಂದ ನಮ್ಮ ಲೆಕ್ಕದ ಪ್ರಕಾರ ನಷ್ಟವಿಲ್ಲ. ತೊಡಕು ಬೇರೆ ಕಡೆ ಇದೆ. ದಕ್ಷಿಣ ಆಫ್ರಿಕದಲ್ಲಿ 1903ರಲ್ಲಿ ಆರಂಭವಾದ 'ಇಂಡಿಯನ್ ಒಪೀನಿಯನ್' ಪತ್ರಿಕೆಯಲ್ಲಿ ಗಾಂಧೀಜಿಯವರು ಮುಂದೆ ಜಾಹೀರಾತುಗಳನ್ನೇ ನಿಲ್ಲಿಸಿಬಿಟ್ಟರು. ಯಾವುದನ್ನು ಹಾಕುವುದು, ಯಾವುದನ್ನು ಬಿಡುವುದು ಎಂಬ ಸಂಕಟ, ತಕ್ಕುದಲ್ಲದ ಜಾಹೀರಾತನ್ನೂ ಕೊಟ್ಟವರ ಮುಖ ನೋಡಿ ಹಾಕಬೇಕಾದ ದಾಕ್ಷಿಣ್ಯ, ಇವು ಅವರು ಕಂಡ ಕಾರಣಗಳು. ದೋಣಿಯವನಿಂದ ಹಣ ಪಡೆದ ಮೇಲೆ, ದೋಣಿಯಲ್ಲಿ ಜೀವರಕ್ಷಕ ಅಂಗಿಗಳು ಸಾಲದೆ ಇದ್ದರೂ ಅತಿಥಿಗೆ ಅದನ್ನು ಹೇಳಲು ನಾಲಗೆ ಏಳುವುದಿಲ್ಲ. ಹಣ ಪಡೆಯದೆ ಹೆಸರು ಹಾಕಿದ್ದರೆ, ಸರಿಯಿಲ್ಲವೆಂದು ಕಂಡ ದಿನವೇ ಅಳಿಸಿಹಾಕಬಹುದು. ಹಣ ಪಡೆದೇ ಹಾಕುವುದಾದರೆ ಆ ಹೆಸರಿನ ಮೇಲೆ 'ಜಾಹೀರಾತು' ಎಂಬ ಶಬ್ದವನ್ನು ಓದಲು ಸಿಗುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಮಲೆಯಾಳದ ಪುಟದಲ್ಲಿ 'ಪರಸ್ಯ' ಎಂದು.