ಐದರ ತಂಗಿ, ಎಂಟರ ಅಣ್ಣ: ಮನೆಯಲ್ಲೇ ಒಟ್ಟಿಗೆ ಪಾಠ

ಐದು ಮತ್ತು ಎಂಟು ವರ್ಷದ ಮಕ್ಕಳಿಗೆ ಮನೆಯಲ್ಲಿ ಒಟ್ಟಿಗೆ ಕಲಿಸುವಾಗ ಮೊದಲು ವಿಷಯಗಳನ್ನು ವಿಂಗಡಿಸಿಕೊಳ್ಳಬೇಕು. ಕಥೆ, ಹಾಡು, ಪರಿಸರ, ಚಿತ್ರಕಲೆ ಇಬ್ಬರಿಗೂ ಒಂದೇ. ಓದು-ಬರಹ ಮತ್ತು ಗಣಿತದಲ್ಲಿ ಒಂದು ಹಂತ ದಾಟಿದ ಮೇಲೆಯೇ ಮುಂದಿನದು. ಅವನ್ನು ಬೇರೆ ಬೇರೆಯಾಗಿಯೇ ಕಲಿಸಬೇಕು.

ಪಾಠ ಒಂದೇ ಇದ್ದರೂ ಕೆಲಸ ಎರಡು ಮಟ್ಟದ್ದಿರಲಿ. ಹೆಸರುಕಾಳು ನೆನೆಹಾಕಿದರೆ ತಂಗಿ ಕಾಳು ಎಣಿಸಿ ಮೊಳಕೆಯ ಚಿತ್ರ ಬರೆಯಬಹುದು. ಅಣ್ಣ ಮೊಳಕೆಯನ್ನು ದಿನವೂ ಸ್ಕೇಲಿನಿಂದ ಅಳೆದು, ಪಟ್ಟಿ ಮಾಡಿ, ಕಂಡದ್ದನ್ನು ನಾಲ್ಕು ವಾಕ್ಯದಲ್ಲಿ ಬರೆಯಬಹುದು.

ಗಣಿತಕ್ಕೆ ಚಿಕ್ಕವಳನ್ನು ಮೊದಲು ಕೂರಿಸಿಕೊಳ್ಳುವುದು ಲೇಸು. ಅವಳಿಗೆ ಹದಿನೈದು ನಿಮಿಷ ಸಾಕು. ಅಷ್ಟು ಹೊತ್ತು ದೊಡ್ಡವನು ತಾನೇ ಓದಿಕೊಳ್ಳಲಿ. ಅವನ ಸರದಿಯಲ್ಲಿ ಅವಳಿಗೆ ಮಣಿ ಪೋಣಿಸುವ ಕೆಲಸವಿರಲಿ. ಅಣ್ಣ ಕಥೆ ಓದಿ ಹೇಳಬಹುದು, ಆದರೆ ತಂಗಿಯ ಮೇಷ್ಟರಾಗಬಾರದು. ಇಬ್ಬರನ್ನೂ ಹೋಲಿಸಿ ಮಾತಾಡುವುದಂತೂ ಸಲ್ಲದು.

ಬೇರೆ ಬೇರೆ ಮಟ್ಟದ ಮಕ್ಕಳಿಗೆ ಒಟ್ಟಿಗೆ ಕಲಿಸುವ ಈ ವಿಧಾನ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಎಂಬ ಶಾಲಾ ಕಲಿಕಾ ಕಾರ್ಯಕ್ರಮದಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಹಂತ ಹಂತವಾಗಿ ಜೋಡಿಸಿದ ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ವೇಗದಲ್ಲಿ ಮುಂದೆ ಸಾಗುತ್ತಾರೆ.

ಪ್ರತಿ ಮಗುವಿಗೂ ಒಂದು ಪ್ರತ್ಯೇಕ ಪುಸ್ತಕವಿಟ್ಟು, ಕಲಿತದ್ದನ್ನು ವಾರಕ್ಕೊಮ್ಮೆ ದಾಖಲಿಸಬೇಕು. ಮುಂದೆ ಪ್ರಮಾಣಪತ್ರ ಬೇಕಾದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಹಂತಗಳಿವೆ. ಹತ್ತನೇ ತರಗತಿಯ ಪರೀಕ್ಷೆಗೂ ಅಲ್ಲಿ ಅವಕಾಶವಿದೆ.