ಪುದೀನ ಅರೆಯಬೇಡ, ಮಗಾ

ಭಾನುವಾರ ಮನೆಗೆ 12 ಜನ ಬರುತ್ತಾರೆ, ಹಣ್ಣು, ಸೊಪ್ಪು ಹಾಕಿದ ಕಾಕ್‌ಟೇಲ್ ಥರದ್ದು ಏನಾದರೂ ಹೇಳಿಕೊಡಿ ದೊಡ್ಡಮ್ಮ ಅಂತ ಕೇಳಿದೆಯಲ್ಲ. ಮೇ ತಿಂಗಳ ಬಿಸಿಲಿಗೆ ಪುನರ್ಪುಳಿಗಿಂತ ತಂಪು ನನಗಂತೂ ಗೊತ್ತಿಲ್ಲ. ನಾನು ಕೊಟ್ಟುಕಳಿಸಿದ ಒಣ ಸಿಪ್ಪೆ ಡಬ್ಬಿಯಲ್ಲಿ ಇನ್ನೂ ಇದ್ದರೆ ಅದನ್ನೇ ತೆಗೆ. ಮುಗಿದಿದ್ದರೆ ಅಂಗಡಿಯಿಂದ ತಾ. ಘಟ್ಟದ ಮೇಲಿನವರ ಅಂಗಡಿಯಾದರೆ ಮುರುಗಲು ಅಂತ ಕೇಳು. ತಂದದ್ದರ ಒಂದು ಚೂರು ಮೊದಲು ಬಾಯಿಗೆ ಹಾಕಿ ನೋಡು. ಉಪ್ಪು ಹಾಕಿ ಒಣಗಿಸಿದ್ದೂ ಇರುತ್ತದೆ, ಅದು ಸಾರಿಗೆ ಸರಿ, ಶರಬತ್ತಿಗಲ್ಲ.

ಶನಿವಾರ ರಾತ್ರಿಯೇ ಎರಡು ಮುಷ್ಟಿ ಸಿಪ್ಪೆ ತೊಳೆದು 1 ಲೀಟರ್ ನೀರಿನಲ್ಲಿ ನೆನೆಹಾಕು. ಗಾಜಿನ ಪಾತ್ರೆಯೋ ಭರಣಿಯೋ ಆಗಲಿ. ಅಲ್ಯೂಮಿನಿಯಂ ಬೇಡವೇ ಬೇಡ, ಆ ಹುಳಿಗೆ ಅದು ತಡೆಯುವುದಿಲ್ಲ. ಬೆಳಿಗ್ಗೆ ಕಿವುಚಿ ಸೋಸಿದರೆ ಕೆಂಪು ದಾಸವಾಳದಂಥ ರಸ ಇಳಿದಿರುತ್ತದೆ. ಸಕ್ಕರೆಯನ್ನು ತಣ್ಣೀರಿಗೆ ಸುರಿದು ಕಲಕುತ್ತಾ ಕೂರಬೇಡ. ಎರಡು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕರಗುವಷ್ಟು ಬಿಸಿ ಮಾಡಿ, ಆರಿಸಿ, ರುಚಿ ನೋಡುತ್ತಾ ಸ್ವಲ್ಪ ಸ್ವಲ್ಪವೇ ಸೇರಿಸು. ನಾಲಿಗೆಗೆ ಸಿಹಿ ಒಂದು ಚೂರು ಜಾಸ್ತಿಯೇ ಆಯಿತು ಅನ್ನಿಸಬೇಕು. ಐಸ್ ಬಿದ್ದ ಮೇಲೆ ಅದು ತಗ್ಗುತ್ತದೆ.

ಇನ್ನು ಪುದೀನ. ಒಮ್ಮೆ ನಮ್ಮಲ್ಲಿ ಪೂಜೆಗೆ ಬಂದವರಿಗೆ ಅಂತ ನಾನು ಒಂದು ಕಟ್ಟು ಪುದೀನವನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಅರೆದು ಬೆರೆಸಿಬಿಟ್ಟೆ. ಆ ಚಂದದ ಕೆಂಪೆಲ್ಲ ಕೆಸರಿನ ಬಣ್ಣಕ್ಕೆ ತಿರುಗಿತು, ಬಾಯಿಗಿಟ್ಟರೆ ಹಸಿ ಹುಲ್ಲಿನ ಕಹಿ. ಪಾಪ, ಯಾರೂ ಏನೂ ಅನ್ನಲಿಲ್ಲ. ಅರ್ಧರ್ಧ ಉಳಿದ ಲೋಟಗಳನ್ನು ಎತ್ತುವಾಗ ಕಣ್ಣಲ್ಲಿ ನೀರು ಬಂದಿತ್ತು. ಪುದೀನದಿಂದ ನಮಗೆ ಬೇಕಾದದ್ದು ಪರಿಮಳ, ಅದು ಎಲೆಯ ಮೇಲ್ಮೈಯಲ್ಲೇ ಇದೆ. ನಾಲ್ಕೈದು ಎಲೆಯನ್ನು ಎಡ ಅಂಗೈ ಮೇಲಿಟ್ಟು ಬಲಗೈಯಿಂದ ಒಂದೇ ಒಂದು ಚಪ್ಪಾಳೆ ತಟ್ಟು. ಕೈ ಬಿಡಿಸಿದರೆ ಘಮ್ ಅನ್ನುತ್ತದೆ. ಹಾಗೇ ಲೋಟದ ತಳಕ್ಕೆ ಹಾಕು. ನಿಂಬೆ ಸೇರಿಸುವುದಾದರೆ ಅದನ್ನೂ ಸಿಪ್ಪೆ ನುಜ್ಜಾಗುವ ಹಾಗೆ ಹಿಂಡಬೇಡ, ಅಲ್ಲೂ ಕಹಿ ಕಾದಿರುತ್ತದೆ.

ಕಾಮಕಸ್ತೂರಿ ಬೀಜ ಒಂದು ಚಮಚ, 15 ನಿಮಿಷ ನೆನೆದರೆ ಸಾಕು.

ಬಂದವರು ಚಪ್ಪಲಿ ಬಿಡುವಾಗ ಲೋಟಕ್ಕೆ ಐಸ್ ಹಾಕು, ಅದಕ್ಕಿಂತ ಮೊದಲು ಬೇಡ. ಅರ್ಧ ಲೋಟ ರಸ, ಮೇಲೆ ಬೀಜ, ಕೊನೆಗೆ ತಣ್ಣನೆಯ ಸೋಡಾ, ಲೋಟದ ಅಂಚಿನಿಂದ ನಿಧಾನವಾಗಿ. ಸಕ್ಕರೆ ಕಾಯಿಲೆಯವರಿಗೆ ಅಂತ ಸಿಹಿ ಹಾಕದ ರಸ ಒಂದು ಬಾಟಲಿ ಬೇರೆ ಇಟ್ಟಿರು, ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿ ಕೊಡು. ಅವರು ಕೇಳುವವರೆಗೆ ಕಾಯಬೇಡ. ನಿಮ್ಮ ಸ್ನೇಹಿತರಲ್ಲಿ ಕುಡಿಯುವವರಿದ್ದರೆ ಅವರವರ ಲೋಟಕ್ಕೇ ಅವರು ಬೆರೆಸಿಕೊಳ್ಳಲಿ. ಹೂಜಿಗೆ ಮಾತ್ರ ಹನಿಯೂ ಬೀಳಬಾರದು. ಮಕ್ಕಳ ಕೈ ಮೊದಲು ಹೋಗುವುದು ಆ ಕೆಂಪು ಬಣ್ಣಕ್ಕೇ.

ನೆನೆದ ಸಿಪ್ಪೆ ಬಿಸಾಡಬೇಡ. ಸೋಮವಾರ ಬೆಲ್ಲ, ಹಸಿಮೆಣಸು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡು. ಅನ್ನಕ್ಕೆ ಒಳ್ಳೇ ಸಾರಾಗುತ್ತದೆ.