ಜಾಲತಾಣ ಕಟ್ಟುವ ಮುನ್ನ

‘ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಇವೆರಡರ ಜೊತೆಗೆ ಇಂದು ‘ಜಾಲತಾಣ ಕಟ್ಟಿ ನೋಡು’ ಎಂದೂ ಸೇರಿಸಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ತಮ್ಮದೇ ಆದ ಜಾಲತಾಣವೊಂದನ್ನು ಮಾಡಬೇಕೆಂಬ ಆಸೆಯುಂಟು. ಆಸೆ ಒಳ್ಳೆಯದೇ. ಆದರೆ ತಳಪಾಯವಿಲ್ಲದ ಮನೆ ಮೊದಲ ಮಳೆಗೇ ಕುಸಿಯುವಂತೆ, ಸಿದ್ಧತೆಯಿಲ್ಲದ ಜಾಲತಾಣ ವರ್ಷ ತುಂಬುವುದರೊಳಗೆ ಕಣ್ಮರೆಯಾಗುತ್ತದೆ. ಆದುದರಿಂದ ಹೊಸಬರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಜಾಲತಾಣವೆಂದರೇನು?

ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ವಿದ್ಯೆಯನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಲು ಬಿಟ್ಟುಕೊಟ್ಟಿತು. ಕನ್ನಡವೂ ಹಿಂದೆ ಉಳಿಯಲಿಲ್ಲ. 1996ರಲ್ಲಿಯೇ ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು.

ಜಾಲತಾಣಕ್ಕೆ ಮೂರು ಅಂಗಗಳು. ಮೊದಲನೆಯದು ನಾವು ಬರೆದ ಪುಟಗಳು. ಎರಡನೆಯದು ಆ ಪುಟಗಳನ್ನು ಹಗಲಿರುಳೂ ತೆರೆದಿಟ್ಟುಕೊಂಡಿರುವ ಗಣಕಯಂತ್ರದಲ್ಲಿ ನಮಗೆ ದೊರೆಯುವ ಜಾಗ. ಇದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ಮೂರನೆಯದು ಓದುಗರು ಅಲ್ಲಿಗೆ ಬರಲು ಬೇಕಾದ ವಿಳಾಸ. ಇದು ಡೊಮೈನ್. ಜಾಗ ಮತ್ತು ವಿಳಾಸ ಬಾಡಿಗೆಗೆ ಸಿಗುತ್ತವೆ. ಪುಟಗಳನ್ನು ಮಾತ್ರ ನಾವೇ ದುಡಿದು ಮಾಡಬೇಕು.

ಮೊದಲು ಕಾಗದ, ಆಮೇಲೆ ಯಂತ್ರ

ಯಂತ್ರದ ಮುಂದೆ ಕೂರುವ ಮೊದಲು ಒಂದು ಹಾಳೆ ತೆಗೆದುಕೊಂಡು ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇದನ್ನು ಯಾರು ಓದಬೇಕು? ಬೇರೆಲ್ಲೂ ಸಿಗದ ಯಾವ ವಿಷಯ ನಮ್ಮಲ್ಲಿದೆ?

ನಮ್ಮ ಭೈರವಾನಿತಿಪ್ಪವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಾಬಾಬುಡನ್ ಗಿರಿಗಳ ಸೀಮೆಯಲ್ಲಿ ಹುಟ್ಟುವ ವೇದಾವತಿಗೆ ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವಿದೆ. ಅದೇ ಹೊಳೆ ಹಗರಿಯೆಂಬ ಹೆಸರೂ ಹೊತ್ತು ಇತ್ತ ಹರಿದುಬಂದಾಗ ನಮ್ಮೂರಿನ ಅಣೆಕಟ್ಟು ಅದನ್ನು ತಡೆದು ನಿಲ್ಲಿಸುತ್ತದೆ. 1953ಕ್ಕೆ ಮುಂಚೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಸೇರಿತು. ಇಷ್ಟನ್ನು ಪುಸ್ತಕಗಳೂ ಹೇಳಿಯಾವು. ಆದರೆ ಅಣೆಕಟ್ಟು ಕಟ್ಟುವಾಗ ಕಲ್ಲು ಹೊತ್ತವರು ಯಾರು, ಅವರ ದಿನಗೂಲಿ ಎಷ್ಟು, ಮೊದಲ ಸಲ ನೀರು ನಿಂತಾಗ ಊರವರು ಏನು ಮಾಡಿದರು ಎಂಬುದನ್ನು ಹೇಳಬೇಕಾದವರು ನಮ್ಮ ಅಜ್ಜ ಅಜ್ಜಿಯರು. ಬಾಲ್ಯದಲ್ಲಿ ಅದನ್ನು ಕಂಡವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಅವರೊಂದಿಗೆ ಆ ಮಾತೂ ಮುಗಿದುಹೋದರೆ ಯಾವ ಯಂತ್ರವೂ ಅದನ್ನು ಹುಡುಕಿಕೊಡಲಾರದು. ಆದುದರಿಂದ ಕೇಳಿ ಬರೆದುಕೊಳ್ಳುವುದೇ ಜಾಲತಾಣದ ಮೊದಲ ಕೆಲಸ.

ಬರೆಯುವಾಗ ತಿಳಿದದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಿರಿ. ತೆಲುಗಿನಲ್ಲಿ ‘ತಿಪ್ಪ’ ಎಂದರೆ ದಿಬ್ಬ. ಇದು ನಿಘಂಟಿನಲ್ಲಿರುವ ಅರ್ಥ. ಊರಿಗೆ ಆ ಹೆಸರು ಬಂದ ಕತೆಯನ್ನು ಅಜ್ಜಿ ಹೇಳಿದರೆ, ‘ಹೀಗೆಂದು ಹಿರಿಯರು ಹೇಳುತ್ತಾರೆ’ ಎಂದೇ ಬರೆಯಬೇಕು.

ಅಕ್ಷರದ ವಿಷಯದಲ್ಲಿ ಎಚ್ಚರ

ಗಡಿನಾಡಿನ ಮಕ್ಕಳಾದ ನಮಗೆ ಈ ಭಾಗ ಬಹು ಮುಖ್ಯ. ಯಂತ್ರಕ್ಕೆ ಅಕ್ಷರದ ರೂಪ ತಿಳಿಯದು. ಅದು ಸಂಖ್ಯೆಯನ್ನು ಮಾತ್ರ ಬಲ್ಲದು. ಯೂನಿಕೋಡ್ ಎಂಬ ಜಾಗತಿಕ ಕ್ರಮದಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯುಂಟು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಕನ್ನಡದ ‘ಗ’ 3223ನೆಯದು. ತೆಲುಗಿನ ‘ಗ’ 3095ನೆಯದು. ಕಣ್ಣಿಗೆ ಅಕ್ಕತಂಗಿಯರಂತೆ ಕಾಣುವ ಈ ಎರಡು ಅಕ್ಷರಗಳ ನಡುವೆ ಯಂತ್ರಕ್ಕೆ 128ರ ಅಂತರ! ಆದುದರಿಂದ ಮೊಬೈಲಿನಲ್ಲಿ ತೆಲುಗು ಕೀಲಿಮಣೆ ಇಟ್ಟುಕೊಂಡು ಕನ್ನಡ ಬರೆದರೆ, ನಾವು ಓದಿಕೊಂಡೇವು. ಕನ್ನಡದಲ್ಲಿ ಹುಡುಕುವವರಿಗೆ ಮಾತ್ರ ಅದು ಸಿಗುವುದು ಕಷ್ಟ.

ಹಳೆಯ ಮುದ್ರಣದ ಅಕ್ಷರವಿನ್ಯಾಸಗಳಲ್ಲಿ ಇನ್ನೊಂದು ತೊಡಕುಂಟು. ಅವು ಇಂಗ್ಲಿಷ್ ಸಂಖ್ಯೆಗಳಿಗೇ ಕನ್ನಡದ ವೇಷ ತೊಡಿಸಿದವು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳೇ ಕಾಣುತ್ತವೆ. ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಆಯ್ಕೆಯಿದೆ. ಅದನ್ನೇ ಆರಿಸಿಕೊಳ್ಳಿರಿ. ನಮ್ಮೂರನ್ನು ಭೈರವಾನಿತಿಪ್ಪ, ಬೈರವಾನಿತಿಪ್ಪ, ಬಿ.ಟಿ. ಪ್ರಾಜೆಕ್ಟ್ ಎಂದೆಲ್ಲ ಬರೆಯುವುದುಂಟು. ಒಂದು ರೂಪವನ್ನು ನಿಯಮವಾಗಿ ಬಳಸಿ, ಉಳಿದವನ್ನು ಪುಟದಲ್ಲಿ ಒಮ್ಮೆ ಹೇಳಿದರೆ ಹುಡುಕುವವರಿಗೆ ಅನುಕೂಲ.

ಮೊದಲ ಪುಟ

ಅಂತರಜಾಲದ ಸಂಪರ್ಕವಿಲ್ಲದೆಯೂ ಮೊದಲ ಪುಟ ಮಾಡಬಹುದು. ವಾಕ್ಯದಲ್ಲಿ ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆ ಇಡುವಂತೆ, ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ, ಇದು ಕೊಂಡಿ ಎಂದು ಗುರುತು ಹಾಕುವ ಕ್ರಮವೇ ಎಚ್‌ಟಿಎಂಎಲ್. ನೋಟ್‌ಪ್ಯಾಡಿನಲ್ಲಿ ಬರೆದು, ಯುಟಿಎಫ್-8 ಎಂಬ ಆಯ್ಕೆಯಲ್ಲಿ ಉಳಿಸಿ, ಬ್ರೌಸರಿನಲ್ಲಿ ತೆರೆದರೆ ಪುಟ ಕಾಣುತ್ತದೆ. ಹತ್ತಿಪ್ಪತ್ತು ಗುರುತುಗಳನ್ನು ಕಲಿತರೆ ಆರಂಭಕ್ಕೆ ಸಾಕು. ಗೂಗಲ್ ಸೈಟ್ಸ್, ವರ್ಡ್‌ಪ್ರೆಸ್‌ಗಳಂಥ ಸಿದ್ಧ ಸಲಕರಣೆಗಳನ್ನು ಆಮೇಲೆ ಬಳಸಿದರೂ ಈ ತಿಳಿವಳಿಕೆ ವ್ಯರ್ಥವಾಗದು.

ಚಿತ್ರಗಳನ್ನು ಹಿತಮಿತವಾಗಿ ಹಾಕಿರಿ. ಮೊಬೈಲಿನಲ್ಲಿ ತೆಗೆದ ಚಿತ್ರವೊಂದು 4 ಎಂ.ಬಿ. ಇದ್ದರೆ ಹತ್ತು ಚಿತ್ರಗಳಿಗೆ 40 ಎಂ.ಬಿ. ಆಯಿತು. ಒಂದೊಂದನ್ನೂ 200 ಕೆ.ಬಿ.ಗೆ ಇಳಿಸಿದರೆ ಒಟ್ಟು 2 ಎಂ.ಬಿ. ಸಾಕು, ಸಂಪರ್ಕ ಕ್ಷೀಣವಾಗಿರುವ ಹಳ್ಳಿಯಲ್ಲೂ ಪುಟ ಬೇಗ ತೆರೆಯುತ್ತದೆ. ಇತರರ ಚಿತ್ರ, ಬರಹಗಳನ್ನು ಕೇಳದೆ ತೆಗೆದುಕೊಳ್ಳಬಾರದು. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಲೇಖಕನ ಬರಹದ ಮೇಲಿನ ಹಕ್ಕು ಆತ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ.

ತಂದೆತಾಯಿಗಳಿಗೆ ಎರಡು ಮಾತು

ವಿಳಾಸವನ್ನು ಮನೆಯ ಹಿರಿಯರೊಬ್ಬರ ಹೆಸರಿನಲ್ಲೇ ನೋಂದಾಯಿಸಿರಿ. ಮಾಡಿಕೊಟ್ಟ ಅಂಗಡಿಯವರ ಹೆಸರಿನಲ್ಲಿದ್ದರೆ ಮನೆ ನಮ್ಮದು, ಪಟ್ಟಾ ಪರರದು ಎಂಬಂತಾದೀತು. ಗುಪ್ತಪದವನ್ನು ಒಂದು ಪುಸ್ತಕದಲ್ಲಿ ಬರೆದು ಭದ್ರವಾಗಿಡಿರಿ. ಬಾಡಿಗೆ ಕಟ್ಟುವ ತಾರೀಖು ಮರೆತರೆ ವಿಳಾಸ ಬೇರೆಯವರ ಪಾಲಾಗಬಹುದು.

ಮಗುವಿನ ಮನೆವಿಳಾಸ, ಫೋನ್ ಸಂಖ್ಯೆ, ಹುಟ್ಟಿದ ದಿನ, ಶಾಲೆಗೆ ಹೋಗಿಬರುವ ಹೊತ್ತು ಇವು ಜಾಲತಾಣದಲ್ಲಿ ಇರಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಹಿರಿಯರ ಮಾತು, ಚಿತ್ರಗಳನ್ನು ಹಾಕುವಾಗಲೂ ಮೊದಲು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆಯುವುದು ಮರ್ಯಾದೆ.

ಕಟ್ಟಿದ್ದನ್ನು ಕಾಯುವುದು

ಲಕ್ಷಾಂತರ ಜನರಿಗೆ ಬಿಟ್ಟಿ ಜಾಗ ಕೊಟ್ಟಿದ್ದ ಜಿಯೋಸಿಟೀಸ್ ಸೇವೆ 2009ರ ಅಕ್ಟೋಬರಿನಲ್ಲಿ ಜಪಾನೊಂದನ್ನು ಬಿಟ್ಟು ಉಳಿದೆಡೆ ಬಾಗಿಲು ಮುಚ್ಚಿತು. ಪ್ರತಿ ಇಟ್ಟುಕೊಳ್ಳದವರ ಬರಹಗಳು ಅಪಾಯಕ್ಕೆ ಸಿಕ್ಕವು. ಬೀಜದ ಶೇಂಗಾ ಎತ್ತಿಟ್ಟು ಉಳಿದದ್ದನ್ನು ಮಾರುವ ರೈತನ ಬುದ್ಧಿ ನಮಗೂ ಬೇಕು. ಎಲ್ಲ ಪುಟಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಕಾಗದದಲ್ಲಿ ಇರಲಿ.

ವಿದ್ಯಾರ್ಥಿಗಳೇ, ನೂರು ಪುಟಗಳ ಕನಸು ಈಗ ಬೇಡ. ಈ ರಜೆಯಲ್ಲಿ ಒಬ್ಬ ಹಿರಿಯರ ಬಳಿ ಕುಳಿತು, ಅವರು ಹೇಳಿದ್ದನ್ನು ಶುದ್ಧ ಕನ್ನಡದಲ್ಲಿ ಒಂದು ಪುಟ ಬರೆದು ತನ್ನಿರಿ. ಶಾಲೆ ತೆರೆದ ಮೇಲೆ ಅದನ್ನು ಒಟ್ಟಿಗೆ ಕುಳಿತು ತಿದ್ದೋಣ, ಆಮೇಲೆ ಯಂತ್ರಕ್ಕೆ ಏರಿಸೋಣ.